ಫೋಟೊಗೆ ಬೇಕಾದ ಹಸಿರು

ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಗೆಳತಿ ಲವೀನಾ ಉದ್ಯಾನ ವಿನ್ಯಾಸಕಿ. ಮಂಗಳೂರಿನವಳು, ದುಬೈನಲ್ಲಿ ದುಡಿದು ಇಲ್ಲಿಗೆ ಬಂದವಳು. ವಿಶ್ವವಿದ್ಯಾಲಯವೊಂದಕ್ಕೆ ತಾನು ರೂಪಿಸಿದ ತೋಟ ತೋರಿಸಲು ಇಂದು ನನ್ನನ್ನು ಕರೆದೊಯ್ದಳು. ಮರಳಿನಲ್ಲಿ ಬೇರುಬಿಟ್ಟು ಮಳೆನೀರಿನಲ್ಲೇ ಬದುಕುವ ಈ ನೆಲದ ಗಿಡಗಳ ಬಗ್ಗೆ ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಹೋಗಿ ನೋಡಿದರೆ ಅರ್ಧ ತೋಟವನ್ನು ಕಿತ್ತು ಹಾಕಿದ್ದರು. ಚಾಪೆಯಂತೆ ಸುತ್ತಿ ಲಾರಿಯಲ್ಲಿ ತಂದ ಹುಲ್ಲನ್ನು ಕೆಲಸಗಾರರು ಬಿಚ್ಚಿ ಹಾಸುತ್ತಿದ್ದರು. ಆ ಉರಿಬಿಸಿಲಲ್ಲಿ ಸ್ಪ್ರಿಂಕ್ಲರ್ ಬೇರೆ!

"ಘಟಿಕೋತ್ಸವ ಹತ್ತಿರ ಬಂತು. ನಿಮ್ಮ ಗಿಡಗಳು ಫೋಟೊದಲ್ಲಿ ಒಣಗಿದಂತೆ ಕಾಣುತ್ತವೆ," ಎಂದು ಅಲ್ಲಿನ ಮ್ಯಾನೇಜರ್ ಇಂಗ್ಲಿಷಿನಲ್ಲಿ ನಗುತ್ತ ಹೇಳಿದ. ಅವನ ಬೆನ್ನ ಹಿಂದೆಯೇ 'ನೀರು ಉಳಿಸಿ' ಎಂಬ ಫಲಕವಿತ್ತು. ನನಗೆ ಮೈಯೆಲ್ಲ ಉರಿಯಿತು.

"ಒಣಗಿಲ್ಲ, ಅವುಗಳ ಬಣ್ಣವೇ ಅದು," ಎಂದು ಅವನಿಗೆ ಹೇಳಿ ಲವೀನಾ ನನ್ನತ್ತ ತಿರುಗಿದಳು. "ದುಬೈನಲ್ಲೂ ಹಿಂಗೇ ಕಣೇ, ಮರುಭೂಮಿ ಕ್ಯಾಂಪಸ್‌ಗೆ ಲಾನ್ ಹಾಸಿದ್ರು. ಅಲ್ಲಿ ಬಾಯಿ ಬಿಟ್ರೆ ವೀಸಾ ಹೋಗ್ತಿತ್ತು. ಇಲ್ಲಿ ಸುಮ್ನಿರಲ್ಲ ನಾನು."

ಹಾಗೆಂದವಳೇ ಹುಲ್ಲಿನ ಮುಂದಿನ ಸುರುಳಿ ಬಿಚ್ಚಬೇಕಿದ್ದ ಜಾಗದಲ್ಲಿ ಕುಳಿತುಬಿಟ್ಟಳು. ಕೆಲಸ ನಿಂತಿತು. ಮ್ಯಾನೇಜರ್ ಯಾರ‍್ಯಾರಿಗೋ ಫೋನ್ ಮಾಡತೊಡಗಿದ. ಸಂಜೆ ನಾನು ಬ್ರಿಸ್ಬೇನ್‌ಗೆ ಮರಳುವ ವಿಮಾನ ಹಿಡಿಯಬೇಕಿತ್ತು. ಚೀಲ ಕೆಳಗಿಟ್ಟು ಅವಳ ಪಕ್ಕ, ಸುಡುವ ಮರಳಲ್ಲಿ ಕುಳಿತೆ.

ವಿಮಾನ ತಪ್ಪಿತು. ಲಾರಿಯಲ್ಲಿ ಉಳಿದಿದ್ದ ಹುಲ್ಲು ಮಾತ್ರ ಕೆಳಗಿಳಿಯಲಿಲ್ಲ.