ಒಂದೇ ಸಲಕ್ಕೆ ಸಿಕ್ಕ ಒಪ್ಪಿಗೆ

ಬಸ್ಸು ತಪ್ಪಬಹುದಿತ್ತು. ಬಸ್ಸು ಸಿಕ್ಕರೂ ಹುನಗುಂದ ಮುಟ್ಟುವುದರೊಳಗೆ ಟೈರು ಪಂಕ್ಚರ್ ಆಗಬಹುದಿತ್ತು. ಅಮೀನಗಡದಲ್ಲಿ ಚಹಾಕ್ಕೆಂದು ಇಳಿದ ಡ್ರೈವರು ಹಳೆಯ ಬೀಗನೊಬ್ಬನನ್ನು ಕಂಡು ಅಲ್ಲೇ ಕೂತುಬಿಡಬಹುದಿತ್ತು. ಹುಡುಗಿಗೆ ಬಸ್ಸಿನಲ್ಲಿ ವಾಂತಿ ಆಗಬಹುದಿತ್ತು. ನನಗೂ ಆಗಬಹುದಿತ್ತು, ನೋಡಿದರೆ ಅದೇ ಹೆಚ್ಚು ಸಂಭವ. ಮಾರ್ಕ್ಸ್ ಕಾರ್ಡಿನ ನಕಲಿನ ಮೇಲೆ ನಾನು ಹೊಡೆಸಿದ ಶಿಕ್ಕೆ ಮಸುಕಾಗಿದೆ ಎಂದು ಕಾರಕೂನ ತಿರುಗಿ ಕಳಿಸಬಹುದಿತ್ತು. ಸಂದರ್ಶನ ನಿನ್ನೆಯೇ ಮುಗಿಯಿತು ಎನ್ನಬಹುದಿತ್ತು. ಇಂಗ್ಲಿಷಿನಲ್ಲಿ ಕೇಳಿ ಹುಡುಗಿಯ ಬಾಯಿ ಕಟ್ಟಿಸಬಹುದಿತ್ತು. ಇಂಥವರ ಮಗಳಿಗೇ ಕೊಡಬೇಕೆಂದು ಮೊದಲೇ ನಿಕ್ಕಿಯಾಗಿರಬಹುದಿತ್ತು. ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಕಲ್ಲಿನವರು ಯಾರಾದರೂ ನಮ್ಮನ್ನು ಕಂಡು, ನಾವು ತಿರುಗಿ ಬರುವ ಮೊದಲೇ ಇಡೀ ಓಣಿಗೆ ಒಂದು ಕಥೆ ತಲುಪಿಸಬಹುದಿತ್ತು. ದೀಪ ಹಚ್ಚುವ ಹೊತ್ತಿಗೆ ಹುಡುಗಿಯನ್ನು ಮನೆ ಮುಟ್ಟಿಸುತ್ತೇನೆಂದು ನಾನು ಕೊಟ್ಟ ಮಾತು ತಪ್ಪಬಹುದಿತ್ತು.

ಇವನ್ನೆಲ್ಲ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಕೂತು, ಯಾರೂ ಬಳಸದ ಉತ್ತರಪತ್ರಿಕೆಯೊಂದರ ಮೇಲೆ ಕ್ರಮಸಂಖ್ಯೆ ಹಾಕಿ ಬರೆದುಕೊಂಡಿದ್ದೆ. ಇಪ್ಪತ್ತೊಂದಕ್ಕೆ ಬಂದಾಗ ಗಂಟೆ ಹೊಡೆಯಿತು. ಇಲ್ಲದಿದ್ದರೆ ಇನ್ನೂ ಇದ್ದವು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಇಳಕಲ್ಲಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಒಂದು ವರ್ಷದ ಮಟ್ಟಿಗೆ ಎಂದು ಬಂದವನು ಅಲ್ಲಿಗೆ ಒಂಬತ್ತು ವರ್ಷ ಕಳೆದಿದ್ದೆ. ಬೇರೆ ಕಡೆ ಅರ್ಜಿ ಹಾಕಲಿಲ್ಲವೆಂದಲ್ಲ. ಬರೆದಿಟ್ಟ ಅರ್ಜಿಯನ್ನು ಅಂಚೆಗೆ ಹಾಕುವ ಮೊದಲು, ಹೊಸ ಊರಿನ ನೀರು ಒಗ್ಗದಿದ್ದರೆ ಹೇಗೆ, ಹೊಸ ಪ್ರಿನ್ಸಿಪಾಲರು ಸಿಡುಕರಾಗಿದ್ದರೆ ಹೇಗೆ ಎಂದು ಯೋಚಿಸುತ್ತಿದ್ದೆ. ಅಷ್ಟರೊಳಗೆ ಕೊನೆಯ ದಿನಾಂಕ ದಾಟಿರುತ್ತಿತ್ತು. ಇಂಥವನನ್ನು ಹುಡುಕಿ ನಮ್ಮ ಪ್ರಿನ್ಸಿಪಾಲರು ವಿದ್ಯಾರ್ಥಿಗಳ ಉದ್ಯೋಗ ಸಲಹೆಗಾರನನ್ನಾಗಿ ಮಾಡಿದರು. ಯಾಕೆ ಎಂದು ಕೇಳಿದ್ದಕ್ಕೆ, "ನೀವು ಇಲ್ಲ ಅನ್ನೂದಿಲ್ಲಲ್ರಿ, ಅದಕ್ಕ" ಎಂದರು.

ಆಟದ ಸಾಮಾನು ಇಡುವ ಕೋಣೆಯಲ್ಲಿ ಪ್ರತಿ ಶನಿವಾರ ನನ್ನ ಸಲಹೆ. ಹಿಂದೆ ಗಾಳಿ ಹೋದ ವಾಲಿಬಾಲುಗಳು, ಮುಂದೆ ನಾನು. ಧೈರ್ಯವಾಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಚಿಂತೆ ಮಾಡಬೇಡಿ, ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡುವುದನ್ನು ಕಲಿಯಿರಿ ಎನ್ನುತ್ತಿದ್ದೆ. ಹೇಳಿ ಮುಗಿಸಿ ಮೇಜಿನ ಖಾನೆಯಿಂದ ಸೋಡಾಪುಡಿ ತೆಗೆದು ನೀರಿಗೆ ಹಾಕಿಕೊಂಡು ಕುಡಿಯುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸರ್ರ, ಒಂದ ಕೇಳಲೇನ್ರಿ? ಚಿಂತಿ ಬಿಟ್ಟವರಿಗೂ ಈ ಪುಡಿ ಬೇಕಾಗತೈತೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗಲೂ ಎದೆ ಉರಿಯುತ್ತಿತ್ತು.

ಆ ಕೋಣೆಗೆ ಬಂದವರಲ್ಲಿ ಒಬ್ಬಳು ಈ ಹುಡುಗಿ. ನೇಕಾರರ ಮನೆಯವಳು, ಆ ಬೇಸಿಗೆಯಲ್ಲಿ ಬಿ.ಎ. ಮುಗಿಸಿದ್ದಳು. ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳಿಗೆಂದು ಹೊಸದಾಗಿ ನೇಯ್ಗೆ ಕಲಿಸುವ ಕೇಂದ್ರ ತೆರೆಯುವುದಿತ್ತು. ಅದಕ್ಕೆ ಒಬ್ಬ ಮೇಲ್ವಿಚಾರಕಿ ಬೇಕಾಗಿದ್ದಳು. ಡಿಗ್ರಿ ಆಗಿರಬೇಕು, ಕೈಕೆಲಸ ಗೊತ್ತಿರಬೇಕು, ಇಪ್ಪತ್ತು ಮಂದಿಯನ್ನು ನಡೆಸಿಕೊಂಡು ಹೋಗಬೇಕು. ಅವಳಿಗೆ ಅಳತೆ ತೆಗೆದು ಹೊಲಿದಂಥ ಕೆಲಸ.

"ಖರೆ ಬೇಕೇನವ್ವಾ ನಿನಗ ಈ ನೌಕರಿ?" ಎಂದು ಕೇಳಿದ್ದೆ.

"ಬೇಕ್ರಿ ಸರ್. ಮಗ್ಗದ ಮುಂದ ಕೂಡೂದಂತೂ ಯಾರ ಮನಿಗೆ ಹೋದ್ರೂ ಇದ್ದ ಐತಿ. ಒಂದ ಸಲ ನಂದ ಅನ್ನೂ ಕುರ್ಚಿ ಮ್ಯಾಲೆ ಕೂತ ನೋಡಬೇಕ್ರಿ."

ಆಗ ಸುಮ್ಮನೆ ಇರಬಹುದಿತ್ತು. ಸಲಹೆ ಕೊಡುವವನಿಗೆ ಸುಮ್ಮನೆ ಇರುವುದು ಕಷ್ಟ. ಅವರ ಮನೆಗೆ ಹೋದೆ. ಅವಳ ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ಕೈ ನಿಲ್ಲಿಸದೆಯೇ ಮಾತಾಡಿದರು.

"ನೀವು ಹೇಳ್ತೀರಂತ ಕಳಸ್ತೀನ್ರಿ ಸರ್ರ. ಆದ್ರ ಒಂದ ಸಲ. ಒಂದ ಅಂದ್ರ ಒಂದ. ಆತು, ಚಲೋ ಆತು. ಆಗಲಿಲ್ಲ, ಗುಳೇದಗುಡ್ಡದವರು ನೋಡಿ ಒಪ್ಪಿಗಿ ಕೊಟ್ಟ ಹೋಗ್ಯಾರ. ದೀಪಾವಳಿ ಆದಕೂಡ್ಲೆ ಲಗ್ನದ ಅಕ್ಕಿಕಾಳ ಹಾಕಿ ಕೈ ತೊಳಕೊಂತೀನಿ. ಮತ್ತ ಎರಡನೇ ಸಲ ನನ್ನ ಮುಂದ ಬರಬ್ಯಾಡ್ರಿ."

ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ನನ್ನ ಹತ್ತು ಅರ್ಜಿಗಳು ಖಾನೆಯಲ್ಲೇ ಕೊಳೆತರೂ ನಡೆಯುತ್ತದೆ; ಈ ಹುಡುಗಿಗೆ ಇರುವುದು ಒಂದೇ ಸಲ, ಅದನ್ನು ತೆಗೆದುಕೊಂಡು ಹೋಗಿ ಬರುವವನು ನಾನು!

ಲಗ್ನವಾಗದ ಹುಡುಗಿಯನ್ನು ನಾನೊಬ್ಬನೇ ಕರೆದುಕೊಂಡು ಹೋಗುವಂತಿರಲಿಲ್ಲ. ಹೆಂಡತಿಯನ್ನು ಕೇಳಿದೆ. ಅವಳು ಒಪ್ಪಿದಳು. "ಆಕಿ ಸಲುವಾಗಿ ಅಲ್ಲ. ನೀವು ದಾರ್ಯಾಗ ಎಲ್ಲೆರೆ ಎಚ್ಚರ ತಪ್ಪಿ ಬಿದ್ರ ಎತ್ತಾಕ ಒಬ್ರು ಬೇಕಲ್ಲ" ಎಂದಳು.

ಒಂದು ವಾರ ತಯಾರಿ ಮಾಡಿಸಿದೆ. ಕುರ್ಚಿಯ ಮೇಲೆ ಹೇಗೆ ಕೂಡಬೇಕು, ಕಣ್ಣು ಎಲ್ಲಿಡಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಗೆ ಹೇಳಬೇಕು. "ಇಪ್ಪತ್ತು ಹೆಣ್ಣುಮಕ್ಕಳನ್ನು ಹೆಂಗ ನಡಸ್ತೀ ಅಂತ ಕೇಳ್ತಾರ, ಏನ ಹೇಳ್ತಿ?" ಎಂದೆ.

"ನಡಸೂದೇನ್ರಿ ಸರ್, ಅವರೇನ ಕುರಿ ಏನ್ರಿ? ನಾವು ಕೂಡಿ ಕುಂತ್ರ ತಾವ ಮಾಡ್ತಾರ."

"ಹಂಗ ಅನಬ್ಯಾಡ" ಎಂದು ಶಿಸ್ತು, ಸಮಯಪ್ರಜ್ಞೆ, ಮೇಲ್ವಿಚಾರಣೆ ಎಂಬ ಶಬ್ದಗಳಿದ್ದ ಮೂರು ವಾಕ್ಯ ಬರೆಸಿ ಬಾಯಿಪಾಠ ಮಾಡಿಸಿದೆ. ಆ ಮೂರು ವಾಕ್ಯ ಕೇಳಿದರೆ ನನಗೇ ನಿದ್ದೆ ಬರುತ್ತಿತ್ತು.

ಹೊರಟ ದಿನ ಬಸ್ಸು ವೇಳೆಗೆ ಬಂತು. ಹುನಗುಂದ ದಾಟಿತು. ಅಮೀನಗಡದಲ್ಲಿ ಡ್ರೈವರು ಚಹಾ ಕುಡಿದು, ಬಾಯಿ ಒರೆಸಿಕೊಂಡು, ಯಾರ ಜೊತೆಗೂ ಮಾತಾಡದೆ ಬಂದು ಕೂತ. ಹುಡುಗಿ ಕಿಟಕಿಗೆ ತಲೆಯಾನಿಸಿ ಸುಖವಾಗಿ ನಿದ್ದೆ ಹೋದಳು. ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ ನನಗೆ ಇನ್ನೂ ಭಯ. ಇಷ್ಟು ಹೊತ್ತು ಆಗದಿದ್ದದ್ದು ಮುಂದೆ ಒಟ್ಟಿಗೇ ಆಗುತ್ತದೆ ಎನ್ನಿಸುತ್ತದೆ.

ಬಾಗಲಕೋಟೆಯಲ್ಲಿ ಆ ಕೇಂದ್ರಕ್ಕೆಂದು ಬಾಡಿಗೆಗೆ ಹಿಡಿದಿದ್ದ ಹಳೆಯ ಮನೆ. ಕಾರಕೂನ ನಕಲು ಪ್ರತಿಗಳನ್ನು ನೋಡಿದ, ಶಿಕ್ಕೆಯತ್ತ ಕಣ್ಣೂ ಹಾಕಲಿಲ್ಲ. ಐವರು ಹುಡುಗಿಯರು ಬಂದಿದ್ದರು. ಮೊದಲು ಮಾತಿನ ಸಂದರ್ಶನ. ನಮ್ಮವಳು ಹತ್ತು ನಿಮಿಷದಲ್ಲಿ ಹೊರಗೆ ಬಂದು, "ಕನ್ನಡದಾಗ ಕೇಳಿದ್ರಿ ಸರ್. ಎಲ್ಲಾ ಹೇಳಿದ್ನಿ" ಎಂದಳು. ಆಮೇಲೆ ಕೈಯ ಪರೀಕ್ಷೆ.

ಇಳಕಲ್ ಸೀರೆಯ ಮೈಯ ಉದ್ದೆಳೆಗಳು ಬೇರೆ, ಸೆರಗಿನ ಉದ್ದೆಳೆಗಳು ಬೇರೆ. ಮಗ್ಗದ ಮೇಲೆ ಇವೆರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಕಣ್ಣು ಸೋಲುವ ಕೆಲಸ, ಮನೆಯ ಹೆಂಗಸರದೇ ಕೆಲಸ. ಆ ದಿನ ಪ್ರತಿಯೊಬ್ಬಳಿಗೂ ಕಟ್ಟಿಗೆಯ ಚೌಕಟ್ಟಿಗೆ ಬಿಗಿದ ಗೇಣಗಲದ ಎಳೆಗಳನ್ನು ಕೊಟ್ಟು, ಎರಡು ತಾಸಿನಲ್ಲಿ ಕೊಂಡಿ ಹಾಕಿ ಮುಗಿಸಬೇಕೆಂದು ಹೇಳಿ ಒಳಗೆ ಕೂಡಿಸಿದರು. ನನಗೆ ಮೊದಲ ಬಾರಿ ಸಮಾಧಾನವಾಯಿತು. ಓಣಿಯಲ್ಲೆಲ್ಲ ಅವಳಷ್ಟು ಬೇಗ ಕೊಂಡಿ ಹಾಕುವವರು ಇರಲಿಲ್ಲ. ಇದರಲ್ಲಿ ನಾನು ಹೇಳಿಕೊಡುವುದು ಏನೂ ಇರಲಿಲ್ಲ, ಆದ್ದರಿಂದ ಕೆಡುವುದಕ್ಕೂ ಕಾರಣವಿರಲಿಲ್ಲ.

ಹೊರಗೆ ಪಡಸಾಲೆಯ ಬಾಕಿನ ಮೇಲೆ ನಾವಿಬ್ಬರೂ ಕೂತೆವು. ಬಾಗಿಲು ಮುಂದೆ ಮಾಡಿದ್ದರು, ಒಳಗಿನದು ಕಾಣುತ್ತಿರಲಿಲ್ಲ. ಹೆಂಡತಿ ರೊಟ್ಟಿಯ ಗಂಟು ಬಿಚ್ಚಿದಳು.

"ಉಗುರು ತಿಂದು ಮುಗಿದ್ವು. ಇನ್ನರೆ ರೊಟ್ಟಿ ತಿನ್ರಿ."

"ಆಕಿಗೆ ಆಗತೈತಿ ಅಂತೀ ಏನು?"

"ಆಕಿಗೆ ಆಗತೈತಿ. ನಿಮಗ ಏನಾಗತೈತೋ ಅದನ್ನ ನೋಡಬೇಕು."

ಎರಡು ತಾಸು ಆಯಿತು. ಒಳಗಿನ ಸಾಹೇಬರು ಹೊರಬಂದು ಹೆಸರು ಓದಿದರು. ನಮ್ಮವಳದ್ದಲ್ಲ, ಕಮತಗಿಯಿಂದ ಬಂದ ಹುಡುಗಿಯದು. ಆ ಹುಡುಗಿ ಸಂತೋಷಪಡದೆ ನಮ್ಮವಳ ಕೈ ಹಿಡಿದುಕೊಂಡು ಅಳತೊಡಗಿದಳು. ನನಗೆ ಅರ್ಥವಾಗಲಿಲ್ಲ. ಸಾಹೇಬರು ಉಳಿದವರನ್ನು ನೋಡಿ, "ಬ್ಯಾಸರ ಮಾಡಕೋಬ್ಯಾಡ್ರಿ. ದಸರಾ ಆದ ಮ್ಯಾಲೆ ಬಾದಾಮ್ಯಾಗೂ ಒಂದ ಕೇಂದ್ರ ತೆರೀತೇವಿ, ಅರ್ಜಿ ಹಾಕ್ರಿ" ಎಂದರು. ಬಾದಾಮಿಯಾದರೇನು, ಪಟ್ಟದಕಲ್ಲಾದರೇನು, ನಮಗೆ ಕೊಟ್ಟಿದ್ದ ಒಂದು ಸಲ ಮುಗಿದುಹೋಗಿತ್ತು.

ತಿರುಗಿ ಬರುವ ಬಸ್ಸು ಹತ್ತಿದೆವು. ನಾನು ಬರೆದ ಇಪ್ಪತ್ತೊಂದರಲ್ಲಿ ಒಂದೂ ಆಗಿರಲಿಲ್ಲ. ಹಾಗಾದರೆ ಆದದ್ದೇನು? ಕಡೆಗೆ ಹೆಂಡತಿಯೇ ಕೇಳಿದಳು.

"ಏನಾತ ತಂಗಿ ಒಳಗ? ಕೈ ನಡಗಿತೇನು?"

"ನನ್ನ ಕೈ ನಡಗಲಿಲ್ರಿ ಅಕ್ಕಾರ. ಬಾಜೂಕ ಕುಂತಿದ್ಲಲ್ರಿ, ಕಮತಗಿಯಾಕಿ, ಆಕೀದು ನಡಗಾಕತ್ತಿತ್ತು. ಅರ್ಧಾ ಆದ ಮ್ಯಾಲೆ ಎಳಿ ಕೈ ಬಿಟ್ಲು. ಎಲ್ಲಾ ಒಂದಕ್ಕೊಂದ ತೊಡಕಾಕತ್ತಿದ್ವು. ನೋಡಕೋಂತ ಇದ್ದ ಕಾರಕೂನ ಚಹಾಕ್ಕ ಹೋಗಿದ್ದ."

"ಅದಕ್ಕ?"

"ಅದಕ್ಕ ನಾ ಎದ್ದ ಹೋಗಿ ಆಕೀದು ಬಿಡಿಸಿ, ಸಾಲು ಹಿಡಿಸಿ, ಅಷ್ಟ ಕೂಡಿಸಿ ಬಂದ್ನಿ."

"ನಿನಗ ಬುದ್ಧಿ ಐತೇನವ್ವಾ?" ನನ್ನ ದನಿ ಎಷ್ಟು ಏರಿತೆಂದರೆ ಮುಂದಿನ ಸೀಟಿನವರು ತಿರುಗಿ ನೋಡಿದರು. "ಪರೀಕ್ಷಾ ಅದು!"

"ಪರೀಕ್ಷಾ ಅಂತ ಗೊತ್ತಿತ್ರಿ ಸರ್. ಆದ್ರ ಎಳಿ ತೊಡಕೂದ ನೋಡಕೋಂತ ಹೆಂಗ ಕುಂದರ್ಲಿ?"

ಅವರ ಓಣಿಯಲ್ಲಿ ಒಂದು ರೀತಿಯಿದೆ. ಕೊಂಡಿಗೆ ಕೂತವರು ನಡುವೆ ಏಳುವುದಿಲ್ಲ. ಏಳಲೇಬೇಕಾಗಿ ಬಂದರೆ, ಕೂಸು ಅತ್ತರೆ, ಒಲೆಯ ಮೇಲಿನದು ಉಕ್ಕಿದರೆ, ಪಕ್ಕದ ಮನೆಯವಳು ಕರೆಯದೆಯೇ ಬಂದು ಆ ಜಾಗದಲ್ಲಿ ಕೂತು ಎಳೆ ಹಿಡಿಯುತ್ತಾಳೆ. ಯಾರ ಸೀರೆ ಎಂದು ಕೇಳುವುದಿಲ್ಲ. ಹಿಂದಿನ ದಿನ ಜಗಳಾಡಿದವರೂ ಬರುತ್ತಾರೆ. ಹುಟ್ಟಿದಾಗಿನಿಂದ ಅದನ್ನೇ ನೋಡಿದ ಕೈಗಳಿಗೆ ಪರೀಕ್ಷೆಯಲ್ಲಿ ಪಕ್ಕದವಳ ಎಳೆ ಹಿಡಿಯಬಾರದೆಂದು ಗೊತ್ತಾಗಬೇಕಾದರೆ ಯಾರಾದರೂ ಮೊದಲೇ ಹೇಳಬೇಕಿತ್ತು. ಹೇಳುವುದಕ್ಕೆಂದೇ ಕಾಲೇಜು ಒಬ್ಬನನ್ನು ಇಟ್ಟಿತ್ತು.

ನಾನು ಮತ್ತೇನೋ ಅನ್ನಲು ಹೋದೆ. ಹೆಂಡತಿ ನನ್ನ ತೊಡೆ ಚಿವುಟಿದಳು. "ಸುಮ್ನಿರ್ರಿ. ಶನಿವಾರ ಬರ್ತೈತಲ್ಲ, ಆವಾಗ ಮಾತಾಡ್ರಿ."

ಅಮೀನಗಡದಲ್ಲಿ ಹೆಂಡತಿ ಹುಡುಗಿಗೆ ಕರದಂಟು ಕೊಡಿಸಿದಳು. ನಾನು ಇಳಿಯಲಿಲ್ಲ. ಅವಳ ಅಪ್ಪನಿಗೆ ಹೇಳುವ ಸುಳ್ಳುಗಳನ್ನು ಜೋಡಿಸುತ್ತಿದ್ದೆ. ಮೊದಲೇ ಯಾರಿಗೋ ಕೊಟ್ಟುಬಿಟ್ಟಿದ್ದರು ಎನ್ನಲೇ? ಅದನ್ನು ಜನ ಬೇಗ ನಂಬುತ್ತಾರೆ. ಹುಡುಗಿಯ ತಪ್ಪಿಲ್ಲವೆಂದಾದರೂ ಆಗುತ್ತದೆ. ಆದರೆ ದೀಪಾವಳಿ ಆದಮೇಲಿನ ಅಕ್ಕಿಕಾಳು ಅದರಿಂದ ನಿಲ್ಲುವುದಿಲ್ಲ. ಆಯಾಸವೆಂದರೆ ಅಂದಿನ ಆಯಾಸ. ನಾನು ಏನೂ ಮಾಡಿರಲಿಲ್ಲ, ಬಾಕಿನ ಮೇಲೆ ಕೂತು ಬಂದಿದ್ದೆ, ಆದರೂ ಮೈಯೆಲ್ಲ ಯಾರೋ ಹಿಂಡಿ ಹಾಕಿದಂತಿತ್ತು.

ಇಳಕಲ್ಲಿಗೆ ಬಂದಾಗ ಇನ್ನೂ ಬಿಸಿಲಿತ್ತು. ಅಪ್ಪ ಮಗ್ಗದಲ್ಲೇ ಇದ್ದರು. ನಾನು ಗಂಟಲು ಸರಿಮಾಡಿಕೊಂಡು, "ಅಲ್ಲೆ ಏನಾತಂದ್ರ..." ಎಂದು ಶುರು ಮಾಡುವಷ್ಟರಲ್ಲಿ ಹುಡುಗಿಯೇ ಮುಂದೆ ಬಂದು, ನಡೆದದ್ದನ್ನು ನಡೆದಂತೆ ಹೇಳಿಬಿಟ್ಟಳು. ಅಪ್ಪನ ಲಾಳಿ ನಿಂತಿತು. ಅವರು ಕೈ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಆಕೀದ ಮುಗಸಿದಿ. ನಿಂದ?"

"ನಂದ ಉಳೀತ್ರಿ ಅಪ್ಪಾ. ಹೊತ್ತ ಆತ ಅಂತ ಚೌಕಟ್ಟ ಕಸಗೊಂಡ್ರು."

ಅಪ್ಪ ನನ್ನ ಕಡೆ ತಿರುಗಿದರು. ನೌಕರಿಯ ಮಾತು ಬರುತ್ತದೆ, ಗುಳೇದಗುಡ್ಡದ ಮಾತು ಬರುತ್ತದೆ ಎಂದು ನಾನು ಕಾದೆ.

"ಸರ್ರ, ಈಕಿ ಕೊಂಡಿ ಮುಗಸಲಾರದ ಎದ್ದಾಳಂತ ಅಲ್ಲೆ ಕಾಗದದಾಗ ಬರಕೊಂಡಿರ್ತಾರೇನು?"

"ಬರಕೊಂಡಿರ್ತಾರ್ರಿ" ಎಂದೆ. ಹೆದರಿದವನ ಬಾಯಲ್ಲಿ ಸುಳ್ಳು ಹೊರಡುವುದಿಲ್ಲ.

"ನನ್ನ ಮಗಳು. ನನ್ನ ಮನ್ಯಾಗಿನ ಕೈ. ನಿಧಾನ ಐತಿ ಅಂತ ಬರಕೊಂಡಾರ." ಅವರು ಮಗ್ಗದ ಮೇಲಿನ ಸೀರೆಯ ಮೇಲೆ ಕೈಯಾಡಿಸಿದರು. "ಹಂಗ ಬಿಡಾಕ ಬರೂದಿಲ್ರಿ ಇದನ್ನ. ಮತ್ತ ಯಾವಾಗ ಕರೀತಾರಂತ?"

"ದಸರಾ ಆದ ಮ್ಯಾಲೆ. ಬಾದಾಮ್ಯಾಗ."

"ಗುಳೇದಗುಡ್ಡದವರಿಗೆ ತಡೀರಿ ಅಂತ ಹೇಳಿ ಕಳಸ್ತೀನಿ. ಬಾದಾಮಿಗೆ ನಾನ ಕರಕೊಂಡ ಹೋಗ್ತೀನಿ, ನೀವು ಬರೂದ ಬ್ಯಾಡ್ರಿ." ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ, ಅವರ ಕಟ್ಟೆಯ ಮೇಲೆ ಕೂತುಬಿಟ್ಟೆ.

ಅವರು ಮತ್ತೆ ಲಾಳಿಗೆ ಕೈ ಹಾಕಿದವರು, ಏನೋ ತಡೆಯಲಾರದೆ ಮಗಳ ಕಡೆ ನೋಡಿದರು.

"ಎಷ್ಟ ಉಳದಿತ್ತು?"

ಅವಳು ಬಲಗೈ ಎತ್ತಿ, ಹೆಬ್ಬೆರಳು ಮಡಚಿ ತೋರಿಸಿದಳು. ನಾಲ್ಕು ಬೆರಳಿನಷ್ಟು.