ಕಬ್ಬಿನ ಗಾಡಿಯ ಮುಂದೆ ನಾನು, ಹಿಂದೆ ಪುಟ್ಟಿ

ಮೊಮ್ಮಗ ಮೊಬೈಲಿನಲ್ಲಿ ಆಕಾಶನೌಕೆಗಳ ಯುದ್ಧ ಆಡುತ್ತಿದ್ದ. "ಅಜ್ಜಿ, ಶತ್ರು ನನ್ನನ್ನೇ ನೋಡ್ತಾ ಇರ್ಬೇಕು. ಆಗ ನನ್ ಫ್ರೆಂಡು ಹಿಂದಿನಿಂದ ಹೊಡೀತಾನೆ" ಅಂದ.

ನನಗೆ ಚಿಕ್ಕಂದಿನಲ್ಲಿ ಕೆರಗೋಡಿನ ರಸ್ತೆಯಲ್ಲಿ ಕಾರ್ಖಾನೆಗೆ ಹೋಗುತ್ತಿದ್ದ ಕಬ್ಬಿನ ಗಾಡಿಗಳು ಕಣ್ಣ ಮುಂದೆ ಬಂದವು. ಗೆಳತಿ ಪುಟ್ಟಿ ಹಿಂದಿನಿಂದ ಜಲ್ಲೆ ಎಳೆಯುವವಳು. ಗಾಡಿಯವನು ತಿರುಗದಂತೆ ಮಾತಾಡಿಸುತ್ತಾ ಮುಂದೆ ನಡೆಯುವವಳು ನಾನು.

"ಮಾವ, ಈ ಎತ್ತು ಒದೀತದಾ?"

"ಊಂ ಕಣವ್ವ, ಅತ್ರ ಬರ್ಬೇಡ" ಎಂದು ಅವನು ಎಲೆಯಡಿಕೆ ಉಗಿದ.

ಅವತ್ತು ಜಲ್ಲೆ ಹೊರೆಯಲ್ಲಿ ಸಿಕ್ಕಿಕೊಂಡಿತು. ಪುಟ್ಟಿ ಜೋತುಬಿದ್ದು ಎಳೆಯುತ್ತಲೇ ಇದ್ದಳು. ನನ್ನ ಹತ್ತಿರ ಮಾತು ಮುಗಿದುಹೋಯಿತು. ತಡೆಯಲಾರದೆ ಹಿಂದಕ್ಕೆ ನೋಡಿಬಿಟ್ಟೆ. ನನ್ನ ಕಣ್ಣು ಹೋದ ಕಡೆಗೇ ಗಾಡಿಯವನೂ ತಿರುಗಿದ. ಬಾರುಕೋಲು ಪುಟ್ಟಿಯ ಬೆನ್ನಿಗೆ ಬಿತ್ತು. ನಾನೂ ಜೊತೆಗಿದ್ದೆ ಅಂತ ಅವಳು ಯಾರಿಗೂ ಹೇಳಲಿಲ್ಲ.

"ಏನೇ ಆಗ್ಲಿ," ಮೊಮ್ಮಗನಿಗೆ ಹೇಳಿದೆ, "ನಿನ್ ಫ್ರೆಂಡಿನ ಕಡೆ ಮಾತ್ರ ನೋಡ್ಬೇಡ ಕಣಪ್ಪ."