ಅಕ್ಕನ ಕಾಲಿನ ಜೋಮು

ಗುಂಡಿಮಗ್ಗದಲ್ಲಿ ಕೂತವರಿಗೆ ಕಾಲು ಜೋಮು ಹಿಡಿಯುವುದು ಮೊಳಕಾಲ್ಮುರಿನ ನಮ್ಮ ಬೀದಿಯಲ್ಲಿ ಕಾಯಿಲೆಯೇ ಅಲ್ಲ. ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಇಡೀ ದಿನ ಹಲಗೆ ತುಳಿದರೆ ಇನ್ನೇನಾಗುತ್ತದೆ? ಹಾಗಾಗಿ ಅಕ್ಕ ಕಾಲು ಜೋಮು ಅಂದಾಗ ಅವ್ವ, "ಎದ್ದು ನಾಕ್ ಹೆಜ್ಜೆ ಅಡ್ಡಾಡು, ಹೋಗ್ತೈತೆ" ಅಂದಳು. ಒಂದು ಕಣ್ಣು ಮಂಜಾಗಿದೆ ಅಂದಾಗ ಅಪ್ಪ, ಜರಿ ನೋಡಿ ನೋಡಿ ಹಾಗಾಗಿದೆ ಅಂದ. ಅದು ತಾನಾಗಿಯೇ ವಾಸಿಯೂ ಆಯಿತು. ಆಗ ನಮ್ಮವರ ಜಂಬ ನೋಡಬೇಕಿತ್ತು! ಇವರಿಗೆ ಡಾಕ್ಟರೇ ಬೇಡ.

ಅಕ್ಕ ಬಚ್ಚಲಲ್ಲಿ ಬಿದ್ದು ಏಳಲಾಗದೆ ಕೂಗಿಕೊಂಡ ಮೇಲೆ ಎಲ್ಲರಿಗೂ ಗಾಬರಿ. ಚಳ್ಳಕೆರೆಯ ಡಾಕ್ಟರು ಎಂ.ಆರ್.ಐ. ಬರೆದುಕೊಟ್ಟರು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಮಾಡಿಸಿ, ಸಿ.ಡಿ. ಹಿಡಿದುಕೊಂಡು ಮತ್ತೆ ಅವರ ಮುಂದೆ ಕೂತೆವು.

ಅವರು ಕಂಪ್ಯೂಟರಿನಲ್ಲಿ ಅಕ್ಕನ ಮೆದುಳನ್ನು ಸುತ್ತ ತಿರುಗಿಸಿ ತೋರಿಸಿದರು. ಮೇಲಿನಿಂದ, ಪಕ್ಕದಿಂದ, ಪದರ ಪದರವಾಗಿ. ಒಳಗೆಲ್ಲ ಬಿಳಿ ಚುಕ್ಕೆ. ಅಲ್ಲೆಲ್ಲ ನರದ ಮೇಲಿನ ಹೊದಿಕೆ ಕಿತ್ತುಹೋಗಿದೆಯಂತೆ. ದೇಹವೇ ತನ್ನ ನರವನ್ನು ತಿನ್ನುವ ಕಾಯಿಲೆಯಂತೆ. ಔಷಧಿ ಚುಚ್ಚಿ ತೆಗೆದ ಚಿತ್ರದಲ್ಲಿ ಹೊಸ ಗಾಯ ಹೊಳೆಯುತ್ತದೆ, ಹಳೆಯದು ಹೊಳೆಯುವುದಿಲ್ಲ ಅಂದರು. ಹೊಳೆಯದವೇ ಹೆಚ್ಚಿದ್ದವು. ನಾವು ಜೋಮು, ಜರಿ ಅಂತ ತಳ್ಳಿಹಾಕಿದ್ದೆಲ್ಲ ಅಲ್ಲಿ ಚುಕ್ಕೆಯಾಗಿ ಕೂತಿತ್ತು.

"ಮಗ್ಗಕ್ಕೆ ಕೂರ್ಬೋದಾ ಸಾರ್?" ಅಕ್ಕ ಕೇಳಿದ್ದು ಅದೊಂದೇ.

"ಹೊಸದು ಆಗ್ದಂಗೆ ಇಂಜೆಕ್ಷನ್ ಐತಮ್ಮ. ಹೋಗಿರೋದು ಪೂರ್ತಿ ಬರೋದು ಕಷ್ಟ," ಅಂದ ಡಾಕ್ಟರು ಚಿತ್ರವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದರು.

"ಬಿಡ್ರಿ ಸಾರ್. ಎಷ್ಟ್ ತಿರುಗ್ಸಿದ್ರೂ ಅದೇ ತಾನೆ," ಅಂದಳು ಅಕ್ಕ.

ಮನೆಗೆ ಬಂದರೆ ಅವಳ ಮಗ್ಗದಲ್ಲಿ ಅಣ್ಣನ ಹೆಂಡತಿ ಕೂತು ನೇಯುತ್ತಿದ್ದಳು. ಅಕ್ಕ ಅರ್ಧಕ್ಕೆ ಬಿಟ್ಟ ಸೀರೆಗೆ ಮದುವೆ ಮನೆಯವರು ಕಾಯುತ್ತಿದ್ದರು, ನಿಜ. ಆದರೂ ಅಕ್ಕನನ್ನು ಒಂದು ಮಾತು ಕೇಳಬಾರದಿತ್ತೇ? ನಾನು ಬಾಯಿಗೆ ಬಂದಂತೆ ಬೈದೆ. ಅತ್ತಿಗೆ ಅಳುತ್ತ ಎದ್ದಳು.

ಅಕ್ಕ ಗೋಡೆ ಹಿಡಿದುಕೊಂಡು ಬಂದು ಮಗ್ಗದ ಪಕ್ಕ ಕೂತಳು. ಬೀದಿಯ ಯಾರ ಸೀರೆ ಕೊಟ್ಟರೂ ಕಣ್ಣು ಮುಚ್ಚಿ ಸವರಿ, ಇದು ಇಂಥವರ ಕೈ ಎಂದು ಹೇಳುತ್ತಿದ್ದವಳು ಅವಳು. ನೇಯ್ದ ಬಟ್ಟೆಯ ಮೇಲೆ ಬೆರಳಾಡಿಸಿದಳು. ಮತ್ತೆ ಆಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅತ್ತಿಗೆ, ನಾನ್ ನೇಯ್ದಿದ್ದು ಎಲ್ಲೀಗಂಟ ಐತೆ?"